ಅಂಗಳದಲ್ಲಿ ಬರೆದ ಹೊಸ ಮನೆ

ನಾನಾಗ ಬ್ರಹ್ಮಾವರದಲ್ಲಿ ಮನೆ ಕಟ್ಟಿಸುವ ಇಂಜಿನಿಯರ್. ಕೊಕ್ಕರ್ಣೆಯ ಸುಧಾಕರಣ್ಣ ಹಳೆ ಮನೆ ಕೆಡವಿ ಹೊಸದು ಕಟ್ಟಿಸಬೇಕೆಂದು ಕರೆಸಿದ್ದರು. ಅವರ ಹೆಂಡತಿ ಗಿರಿಜಕ್ಕನಿಗೆ ರಿಪೇರಿಯೇ ಸಾಕು. ಇದೇ ವಿಷಯಕ್ಕೆ ಗಂಡ ಹೆಂಡಿರಲ್ಲಿ ಮಾತು ನಿಂತಿತ್ತು. ನನ್ನ ನಕ್ಷೆ ಇಬ್ಬರಿಗೂ ಅರ್ಥವಾಗಲಿಲ್ಲ. ಹಾಗಾಗಿ ಅಂಗಳದಲ್ಲೇ ಸುಣ್ಣದ ಪುಡಿಯಲ್ಲಿ ಇಡೀ ಮನೆಯನ್ನು ನಿಜವಾದ ಅಳತೆಯಲ್ಲಿ ಬರೆದೆ.

ದಿನವೂ ಹಳೆ ಮನೆಯ ಉದ್ದನೆಯ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದ ನೆರೆಮನೆಯ ಹೆಂಗಸರು ಎದ್ದು ಬಂದರು.

"ಹ್ವಾಯ್, ಹೊಸ ಮನಿಯಂಗೆ ನಾವ್ ಎಲ್ಲ್ ಕೂಕಂಬುದ್?" ಎಂದು ಒಬ್ಬರು ಕೇಳಿದರು.

ನಾನು ಮುಂಬಾಗಿಲ ಎದುರಿನ ಪುಟ್ಟ ಸಿಟೌಟ್ ತೋರಿಸಿದೆ. ಹೂವಿನ ಬುಟ್ಟಿ ಸಮೇತ ಎಲ್ಲರೂ ಅದರೊಳಗೆ ಕೂರಲು ನೋಡಿದರು. ಜಾಗ ಸಾಲಲಿಲ್ಲ. ಕೆಲವರು ಹಾಲ್‌ಗೆ ಸರಿದರು, ಕೊನೆಯವರು ಹೋಗಿ ಕೂತದ್ದು ಬಚ್ಚಲುಮನೆಯಲ್ಲಿ!

"ಬಾಗ್ಲ್ ಹಾಯ್ಕೊ ಮಾರಾಯ್ತಿ!" ಎಂದರು ಗಿರಿಜಕ್ಕ.

ಎಲ್ಲರಿಗಿಂತ ಜೋರಾಗಿ ನಕ್ಕವರು ಸುಧಾಕರಣ್ಣ. ಕಣ್ಣೊರೆಸಿಕೊಂಡು ಹೆಂಡತಿಯ ಮುಖ ನೋಡಿ, "ಆಯ್ತ್, ಜಗ್ಲಿ ಇರ್ಲಿ. ಹಂಚಿನ ಮಾಡ್, ಅಡ್ಗಿಮನಿ ಸಮಾ ಮಾಡ್ಸುವ" ಎಂದರು.

ಸೂರು, ಅಡುಗೆಮನೆಗಳ ರಿಪೇರಿ ಚೆನ್ನಾಗಿಯೇ ಆಯಿತು. ಈಗಲೂ ಗಿರಿಜಕ್ಕ ನನ್ನನ್ನು ನೆಂಟರಿಗೆ ಪರಿಚಯಿಸುವುದು, "ನಮ್ಗೆ ಮನಿ ಕಟ್ಟದೇ ಇದ್ದ್ ಇಂಜಿನಿಯರ್ ಇವ್ರೇ" ಎಂದು. ಅದು ಹೊಗಳಿಕೆಯೆಂದೇ ನಾನು ತಿಳಿದುಕೊಂಡಿದ್ದೇನೆ.