ಬಿಟ್ಟಾಳೋ, ಬಿಡಿಸ್ಯಾರೋ

ವಿಜಯಶ್ರೀ ನೌಕರಿ ಬಿಟ್ಟ ಸುದ್ದಿ ಕಮಲಾಪುರದ ಓಣಿಯಲ್ಲಿ ಮನೆಮನೆ ತಿರುಗಿತ್ತು. ತಿರುಗಿಸಿದವರು ಅತ್ತೆ ವಿಮಲಾಬಾಯಿ. "ಕಲಬುರಗಿಯಾಗ ಎಸಿ ಅಂಗಡಿ, ನೆರಳಾಗಿನ ಕೆಲಸ. ಆದ್ರೂ ಕೂಸಿನ ಸಲುವಾಗಿ ತಾನಾಗೇ ಬಿಟ್ಟು ಬಂದಾಳ ನೋಡ್ರಿ," ಎಂದು ನಳದ ಹತ್ತಿರ ಹೇಳಿದರು, ಹಿಟ್ಟಿನ ಗಿರಣಿಯಲ್ಲಿ ಹೇಳಿದರು, ಬಾಳೆಹಣ್ಣಿನ ಬಂಡಿಯವನಿಗೂ ಹೇಳಿದರು. ಎದುರುಮನೆಯ ಕುಲ್ಸುಮ್ ಬಂದು ವಿಜಯಶ್ರೀಯ ಕೆನ್ನೆ ಸವರಿ, ತನ್ನ ಕಪಾಳಕ್ಕೆ ಬೆರಳೊತ್ತಿ ನೆಟಿಗೆ ಮುರಿದು ಹೋದಳು. "ಎಲ್ಲಾರೂ ರೊಕ್ಕ ರೊಕ್ಕ ಅಂತಾರ. ನೀ ತಾಯಿ ಅನಿಸಿಕೊಂಡಿ ಬೇಟಿ."

ವಿಜಯಶ್ರೀ ನಕ್ಕಳು. ಮತ್ತೇನು ಮಾಡುತ್ತಾಳೆ?

ಅವಳು ನೌಕರಿ ಬಿಟ್ಟಿರಲಿಲ್ಲ.

ಕಲಬುರಗಿಯ ಒಂದು ದೊಡ್ಡ ಚಷ್ಮಾ ಅಂಗಡಿಯಲ್ಲಿ ಆರ್ಡರ್ ಬರೆದುಕೊಳ್ಳುವ ಕೆಲಸ ಅವಳದು. ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಬೆಳೆದವಳು, ಅಲ್ಲೇ ಶಾಲೆ, ಅಲ್ಲೇ ಕಾಲೇಜು. ಮದುವೆಯಾಗಿ ಕಮಲಾಪುರಕ್ಕೆ ಬಂದ ಮೇಲೂ ದಿನಾ ಬಸ್ಸು ಹತ್ತಿ ತನ್ನ ಊರಿಗೆ ಹೋಗುತ್ತಿದ್ದಳು. ಹೆರಿಗೆ ರಜೆ ಮುಗಿಸಿ ಬಂದು ಕೆಲವು ತಿಂಗಳಾಗಿರಬೇಕು, ಒಂದು ಸಂಜೆ ಮ್ಯಾನೇಜರ್ ವಿವೇಕಾನಂದ ಒಳಗೆ ಕರೆದು, "ಕೂಡ್ರಿ ಮೇಡಂ," ಎಂದ. ಆ ಅಂಗಡಿಯಲ್ಲಿ ಕೆಲಸದವರಿಗೆ ಕೂಡು ಅಂದವರೇ ಇಲ್ಲ. ಅಷ್ಟು ಸಾಕಾಯಿತು ಅವಳಿಗೆ.

"ಇನ್ನ ಮ್ಯಾಲೆ ಆರ್ಡರೆಲ್ಲಾ ಹೈದರಾಬಾದಿನಿಂದನ ತೊಗೋತಾರಂತ. ಈ ಕೌಂಟರ್‌ದ್ದು ಮ್ಯಾಲಿನವರು ಏನಂತಾರಂದ್ರ…"

"ನಾನೂ ಬಿಡಬೇಕಂತಲೇ ಇದ್ದೆ ಸರ್," ಅಂದುಬಿಟ್ಟಳು. "ಕೂಸು ಸಣ್ಣದದ."

ಯಾಕೆ ಅಂದಳೋ. ಬಚ್ಚಲಲ್ಲಿ ಕಾಲು ಜಾರಿದವರು ಬೀಳುವ ಮೊದಲು ಸೆರಗು ಸರಿಮಾಡಿಕೊಳ್ಳುತ್ತಾರಲ್ಲ, ಹಾಗೆ. ವಿವೇಕಾನಂದನ ಮುಖ ಹಗುರಾಯಿತು. "ಹಂಗಾದ್ರ ಚಲೋನೇ ಆತು!" ಎಂದು ಚಹಾ ತರಿಸಿದ, ಅವಳೆದುರೇ ಕಂಪ್ಯೂಟರಿನಲ್ಲಿ ಏನೋ ಒತ್ತಿದ. ಅವಳು ಚಹಾ ಕುಡಿದು ಥ್ಯಾಂಕ್ಸ್ ಹೇಳಿ ಬಂದಳು. ಬಸ್ಸಿನಲ್ಲಿ ಅದೇ ಮಾತನ್ನು ಬಾಯೊಳಗೇ ಆಡಿಕೊಂಡು ನೋಡಿದಳು. ಮಹಾಗಾಂವ ಕ್ರಾಸ್ ದಾಟುವ ಹೊತ್ತಿಗೆ ಅದು ತೊದಲದೆ ಬರುತ್ತಿತ್ತು.

ಕಳೆದುಕೊಂಡವಳಾಗಿ ಬಂದಿದ್ದರೆ ಯಾರಾದರೂ ಸಮಾಧಾನ ಹೇಳುತ್ತಿದ್ದರೇನೋ. ಬಿಟ್ಟುಬಂದವಳಿಗೆ ಏನಂತ ಹೇಳುತ್ತಾರೆ? ಬೆಳಿಗ್ಗೆ ಬಸ್ಸು ಹಾರ್ನ್ ಹೊಡೆದು ಹೋಗುವಾಗ ಅವಳ ಕಾಲುಗಳು ತಾವಾಗಿ ಚಪ್ಪಲಿ ಹುಡುಕುತ್ತಿದ್ದವು. ಸೊಲ್ಲಾಪುರದ ಮಿಲ್ಲಿನಲ್ಲಿ ಮಷೀನು ನೋಡಿಕೊಳ್ಳುವ ಗಂಡ ಮೌನೇಶ ಫೋನಿನಲ್ಲಿ, "ನೀನಾಗೇ ಬಿಟ್ಟಿ, ಚಲೋ ಆತು ತಗೋ," ಎಂದು ಮುಗಿಸಿದ್ದ. ಮಗಳು ಪ್ರೀತಿ ಕೆಮ್ಮಿದರೆ ದಿಗ್ಗನೆ ಎದ್ದು ಕೂಡುತ್ತಿದ್ದಳು. ಕೆಮ್ಮದಿದ್ದರೆ, ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಬಳಿ ಬೆರಳಿಡುತ್ತಿದ್ದಳು. ಔಷಧಿ ಸೀಸೆ ಖಾಲಿಯಾದಾಗ ಅತ್ತೆಯ ಬಳಿ ಕೈಯೊಡ್ಡಬೇಕಾಗುತ್ತಿತ್ತು. ಅತ್ತೆ ಬೇಸರವಿಲ್ಲದೆ ಕೊಡುತ್ತಿದ್ದರು. ಅದೇ ಇನ್ನೂ ಕಷ್ಟ.

ಆಗ ಫೋನು ಮಾಡಿದವಳು ಅಫ್ಶೀನ್. ಅದೇ ಕೌಂಟರಿನಲ್ಲಿ ಜೊತೆಗಿದ್ದು, ಅದೇ ದಿನ ಕೆಲಸ ಕಳೆದುಕೊಂಡು ಮನೆಗೆ ಹೋದವಳು.

"ಏ ವಿಜಿ, ಪಗಾರದಾಗ ವಿಮಾದ್ದು ಹಿಡೀತಿದ್ದರಲ್ಲಾ, ನೌಕರಿ ಹೋದವರಿಗೆ ಅವರು ಥೋಡೆ ದಿನ ಭತ್ಯೆ ಕೊಡ್ತಾರ. ನಂಗ ಬಂತು. ನಾ ಅಂತೂ ಜಗಳಾಡಿ, ತೆಗೆದೀವಿ ಅಂತ ಬರಸ್ಕೊಂಡು ಬಂದಿದ್ದೆ. ನೀ ಮಹಾರಾಣಿಯಂಗ ಚಹಾ ಕುಡಿದು ಬಂದಿ!" ಎಂದು ಕಿಲಕಿಲ ನಕ್ಕಳು.

ವಿಜಯಶ್ರೀ ಮೊಬೈಲಿನಲ್ಲೇ ಅರ್ಜಿ ಹಾಕಿದಳು. ತಿರಸ್ಕಾರ ಬಂತು. ಕಾರಣ: ಸ್ವ-ಇಚ್ಛೆಯಿಂದ ಸೇವೆ ತ್ಯಜಿಸಿದ್ದಾರೆ. ತಾನು ಆಡಿದ ಮಾತೇ ಗ್ರಾಂಥಿಕ ಕನ್ನಡ ಉಟ್ಟುಕೊಂಡು ಎದುರಿಗೆ ಬಂದು ನಿಂತಂತಾಯಿತು. ಕಚೇರಿಗೇ ಹೋಗಿ ಹೇಳಿಕೊಳ್ಳಬೇಕು. ಭತ್ಯೆ ಬಂದರೆ ಬೇರೆ ಕೆಲಸ ಸಿಗುವವರೆಗೆ ಕೂಸಿನ ಔಷಧಿಗಾದರೂ ಯಾರ ಮುಖ ನೋಡುವುದು ಬೇಡ.

"ವಿಮಾದ್ದು ಒಂದು ಕೆಲಸ ಅದ, ಹೋಗಿ ಬರ್ತೀನಿ," ಎಂದಳು.

"ಕೆಮ್ಮೋ ಕೂಸು ಕಟಗೊಂಡು ಒಬ್ಬಾಕಿ ಹ್ಯಾಂಗ ಹೋಗ್ತಿ? ನಾನೂ ಬರ್ತೀನಿ," ಎಂದು ವಿಮಲಾಬಾಯಿ ಹೊಸ ಇಳಕಲ್ ಸೀರೆ ಉಟ್ಟೇಬಿಟ್ಟರು. ಬೇಡ ಅನ್ನಲು ವಿಜಯಶ್ರೀಗೆ ಒಂದು ಕಾರಣವೂ ಹೊಳೆಯಲಿಲ್ಲ.

ವಿಮಾ ಕಚೇರಿಯ ಇಮಾಮುದ್ದೀನ್ ಸಾಹೇಬರು ನಿವೃತ್ತಿ ಹತ್ತಿರವಾದ ಮನುಷ್ಯ. ಚಷ್ಮಾ ಮೂಗಿನ ತುದಿಗೆ ಜಾರಿತ್ತು. ಫ್ರೇಮು ಬಿಗಿಮಾಡಿಕೊಡಬೇಕು ಅನಿಸಿತು ವಿಜಯಶ್ರೀಗೆ. ಅತ್ತೆ ಕೂಸನ್ನೆತ್ತಿಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು.

"ಇದರಾಗ ನೀವಾಗೇ ಬಿಟ್ಟೀರಿ ಅಂತ ಅದಲ್ಲ ತಂಗಿ."

"ಇಲ್ರಿ ಸರ್, ಅದು…" ಅವಳು ದನಿ ತಗ್ಗಿಸಿದಳು.

"ಜೋರ್ ಹೇಳ್ರೀ, ಈ ಫ್ಯಾನಿನ ಸಪ್ಪಳದಾಗ ಏನೂ ಕೇಳಂಗಿಲ್ಲ. ಬಿಟ್ಟೀರೋ, ಬಿಡಿಸ್ಯಾರೋ?"

ಅವಳು ಬಾಯಿ ತೆರೆಯುವ ಮೊದಲೇ ಬೆಂಚಿನಿಂದ ಉತ್ತರ ಬಂತು. "ತಾನಾಗೇ ಬಿಟ್ಟಾಳ್ರೀ ಸಾಹೇಬ್ರ! ನಮ್ಮ ಸೊಸಿಗೆ ಬಿಡಿಸೋರು ಯಾರ ಅದಾರ? ಅಂಗಡಿಯೆಲ್ಲಾ ಆಕಿ ಮ್ಯಾಲೇ ನಡೀತಿತ್ತು!"

ಸಾಲಿನಲ್ಲಿದ್ದವರು ನಕ್ಕರು. ಇಮಾಮುದ್ದೀನ್ ಸಾಹೇಬರು ಪೆನ್ನು ಕೆಳಗಿಟ್ಟರು. "ಮುಗೀತು. ಅಮ್ಮಾ, ತಾವಾಗೇ ಬಿಟ್ಟವರಿಗೆ ಇಲ್ಲಿ ಏನೂ ಸಿಗಂಗಿಲ್ಲ. ತೆಗೆದುಹಾಕಿದವರಿಗಷ್ಟ."

"ಇದೆಂಥಾ ನ್ಯಾಯರೀ? ಮರ್ಯಾದಿಲೆ ಬಿಟ್ಟು ಬಂದವರಿಗೆ ಇಲ್ಲ, ಹೊರಗ ಹಾಕಿಸಿಕೊಂಡವರಿಗೆ ಕರದು ಕೊಡ್ತೀರಿ?"

"ಕಾನೂನು ನಾ ಮಾಡಿಲ್ಲವ್ವಾ. ಮುಂದಿನವರು ಬರ್ರಿ."

ಮುಂದಿನವನು ಆಗಲೇ ಮೊಣಕೈ ತೂರಿಸಿದ್ದ. ವಿಜಯಶ್ರೀ ಕಿಟಕಿಯ ಕಟ್ಟೆ ಹಿಡಿದುಕೊಂಡಳು. ಸರಿದು ನಿಂತರೆ ಇವತ್ತಿಗೆ ಎಲ್ಲ ಚೆಂದ. ಅತ್ತೆಯ ಮಾತು ಉಳಿಯುತ್ತದೆ, ಕುಲ್ಸುಮಳ ನೆಟಿಗೆ ಉಳಿಯುತ್ತದೆ. ಹಿಂದೆ ಪ್ರೀತಿ ಕೆಮ್ಮಿತು.

"ಅತ್ತಿ," ಎಂದಳು. ತಿರುಗಿ ನೋಡಲಾಗಲಿಲ್ಲ, ಕಿಟಕಿಗೇ ಹೇಳಿದಳು. "ನಾ ಬಿಟ್ಟಿಲ್ಲ. ಬಿಡಿಸ್ಯಾರ."

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

ಇಮಾಮುದ್ದೀನ್ ಸಾಹೇಬರು ಚಷ್ಮಾ ಮೇಲೆ ತಳ್ಳಿಕೊಂಡು ಒಂದು ಬಿಳಿ ಹಾಳೆ ಸರಿಸಿದರು. "ಇದ್ದದ್ದು ಇದ್ದಂಗ ಬರೀರಿ. ಅಂಗಡಿಯವರನ್ನ ನಾವು ಕೇಳ್ತೀವಿ. ಅವರು ಹೌದಂದ್ರ ಆತು, ಇಲ್ಲಂದ್ರ ಮತ್ತ ನೋಡೋಣ. ಕೆಳಗ ಒಬ್ಬರು ಸಾಕ್ಷಿ ಸಹಿ ಬೇಕು."

ಅವಳು ಬರೆದಳು. ಸಾಕ್ಷಿ? ಅಫ್ಶೀನ್ ಇಲ್ಲಿಲ್ಲ. ಉಳಿದ ಗುರುತಿನವರೆಲ್ಲ ಅವಳು ತಾನಾಗಿ ಬಿಟ್ಟಳೆಂದೇ ಸಾಕ್ಷಿ ಹೇಳುವವರು. ಅಷ್ಟರಲ್ಲಿ ಇಳಕಲ್ ಸೀರೆಯ ಸರಬರ ಪಕ್ಕಕ್ಕೆ ಬಂತು.

"ಏನ್ ಬರದಾಳ, ಓದ್ರಿ."

ಇಮಾಮುದ್ದೀನ್ ಸಾಹೇಬರು ಓದಿದರು. ಅವರ ಬಾಯಲ್ಲಿ ಅದು ಯಾರದೋ ಹೆಂಗಸಿನ ಕಥೆಯಂತೆ ಕೇಳಿಸಿತು. ವಿಮಲಾಬಾಯಿ ಕೂಸನ್ನು ಸೊಸೆಗೆ ದಾಟಿಸಿ, ಮಹಿಳಾ ಸಂಘದಲ್ಲಿ ಕಲಿತ ಸಹಿಯನ್ನು ಒಂದೊಂದೇ ಅಕ್ಷರವಾಗಿ ಹಾಕಿದರು. 'ವಿಮಲಾಬಾಯಿ'ಯ ಕೊನೆಯ 'ಯಿ'ಗೆ ಗುಡಿಸು ಎಳೆದು ಪೆನ್ನು ಕೆಳಗಿಟ್ಟರು. ಸೊಸೆಯ ಮುಖ ಮಾತ್ರ ನೋಡಲಿಲ್ಲ.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು. ಬೈದರೆ ಬೈಯಲಿ ಎಂದು ವಿಜಯಶ್ರೀ ಕಾದಳು. ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಅಳಬಹುದಿತ್ತು.

"ಕಿಟಕಿ ಹಾಕು, ಕೂಸಿಗೆ ಗಾಳಿ ಬಡೀತದ," ಎಂದರು ಅತ್ತೆ.

ಕ್ರಾಸ್ ದಾಟಿದ ಮೇಲೆ ಇನ್ನೊಂದು ಮಾತು. "ಮೌನೇಶಗ ಹೇಳಬ್ಯಾಡ. ದೂರ ಅದಾನ, ಜೀವಕ್ಕ ಹಚಗೋತಾನ."

ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಕುಲ್ಸುಮ್ ಎದುರಾದಳು. "ಅತ್ತಿ ಸೊಸಿ ಇಬ್ರೂ ಎಲ್ಲಿಗೆ? ಅಂಗಡಿಯವರು ಮತ್ತ ಬಾ ಅಂದ್ರೇನು?"

"ಅಂತಾರವ್ವಾ, ಅನ್ನಲಾರದ ಇರ್ತಾರೇನು?" ವಿಮಲಾಬಾಯಿಯ ದನಿಯಲ್ಲಿ ಎಂದಿನ ಠೀವಿ ಬಂದುಬಿಟ್ಟಿತ್ತು. "ಈಕೀನೇ ಒಲ್ಲೆ ಅಂದಾಳ. ಕೂಸಿನ ಸಲುವಾಗಿ ಬಿಟ್ಟಾಳ, ಬಿಟ್ಟಾಳ."

ಕುಲ್ಸುಮ್ ಮತ್ತೆ ಕೆನ್ನೆ ಸವರಿದಳು. ಕಲಬುರಗಿಯ ಹಾಳೆಯ ಮೇಲೆ ಸಹಿ ಹಾಕಿದ ಕೈ, ಕಮಲಾಪುರದಲ್ಲಿ ಸೊಸೆಯ ರಟ್ಟೆಯನ್ನು ಗಟ್ಟಿಯಾಗಿ ಹಿಡಿದಿತ್ತು. ಸೊಸೆಯ ಮರ್ಯಾದೆಗಾಗಿ ಅತ್ತೆ ಹಿಡಿದಿದ್ದರೋ, ತಮ್ಮದೇ ಮರ್ಯಾದೆಗಾಗಿಯೋ, ವಿಜಯಶ್ರೀಗೆ ತಿಳಿಯಲಿಲ್ಲ. ಕೇಳುವಂತೆಯೂ ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮೌನೇಶನ ಫೋನು. ಹಿಂದೆ ಮಿಲ್ಲಿನ ಗದ್ದಲ. "ವಿಮಾ ಆಫೀಸಿಗೆ ಹೊಂಟೀವಿ ಅಂತ ಅವ್ವ ಮುಂಜಾನೆ ಹೇಳಿದ್ಳು. ಬಿಟ್ಟವರಿಗೆ ಅವರ್ಯಾಕ ಕೊಡ್ತಾರ ಹುಚ್ಚಿ?"

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತು ತಲೆ ಅಲ್ಲಾಡಿಸಿದರು. ಬೇಡ. ವಿಜಯಶ್ರೀ ಪ್ರೀತಿಯ ಬೆನ್ನು ಸವರುತ್ತ ಅತ್ತೆಯನ್ನೇ ನೋಡಿದಳು. ಬಾಯೊಳಗೆ ಹಳೆಯ ಮಾತು ಸಿದ್ಧವಾಗಿ, ನುಣ್ಣಗೆ ಕುಳಿತಿತ್ತು.

"ಬಿಡಿಸ್ಯಾರರೀ," ಎಂದಳು. "ನಾ ಬಿಟ್ಟಿದ್ದಿಲ್ಲ."

ಆ ಕಡೆ ಮಷೀನಿನ ಸದ್ದು ಬಂತು, ಹೋಯಿತು, ಮತ್ತೆ ಬಂತು. ಕಟ್ಟಾಯಿತೇನೋ ಎಂದು ಫೋನು ಕಿವಿಯಿಂದ ತೆಗೆದು ನೋಡಿದಳು. ಕಟ್ಟಾಗಿರಲಿಲ್ಲ.

"ಊಟ ಆತೇನು?" ಎಂದ ಮೌನೇಶ.

"ಇನ್ನಾ ಇಲ್ಲ," ಎಂದಳು.

ಅತ್ತೆ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದರು. ಇವಳು ಫೋನು ಇಡಲಿಲ್ಲ, ಅವನೂ ಇಡಲಿಲ್ಲ.