ಡೆಟ್ರಾಯಿಟ್ ಎಂಬ ಹಡಗು

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಇದ್ದದ್ದು ಅಮೆರಿಕದ ಡೆಟ್ರಾಯಿಟ್ ನಗರದ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ. ಅಪ್ಪ ಅಲ್ಲಿನ ಕಾರು ಕಾರ್ಖಾನೆಯಲ್ಲಿ ಇಂಜಿನಿಯರ್. ಒಂದು ಸಲ ಅಕ್ಕನ ಶಾಲೆಯಲ್ಲಿ, ಡೆಟ್ರಾಯಿಟ್ ಎಂಬ ಹೆಸರು ಹೊತ್ತ ಯಾವುದಾದರೊಂದರ ಬಗ್ಗೆ ಮಾತಾಡಬೇಕು ಎಂದಿದ್ದರು. ಮಿಕ್ಕವರು ಬೇಸ್‌ಬಾಲ್ ತಂಡ, ಕಾರು ಎಂದೆಲ್ಲ ಆರಿಸಿಕೊಂಡರೆ, ಅಕ್ಕ ಬ್ರಿಟಿಷ್ ನೌಕಾಪಡೆಯ ಹಳೆಯ ಮರದ ಯುದ್ಧಹಡಗೊಂದನ್ನು ಆರಿಸಿಕೊಂಡಳು. ಶತ್ರುಗಳ ಹಡಗು ಎಂದು ಗೆಳತಿಯರು ನಕ್ಕರಂತೆ. ಅಂದು ಅವಳು ಸರಿಯಾಗಿ ಊಟವನ್ನೇ ಮಾಡಲಿಲ್ಲ.

"ಆ ಹಡಗು ಕಟ್ಟಿದ ಜಾಗ ನೋಡ್ಕೊಂಡು ಬರೋಣ ಬಾಮ್ಮ, ಆಮೇಲೆ ಡಿಸೈಡ್ ಮಾಡು," ಎಂದು ಶನಿವಾರ ಅಪ್ಪ ನಮ್ಮಿಬ್ಬರನ್ನೂ ಕಾರು ಹತ್ತಿಸಿದರು. ಸೇತುವೆ ದಾಟಿ ಕೆನಡಾ ಸೇರಿ, ಆಮ್ಹರ್ಸ್ಟ್‌ಬರ್ಗ್ ಎಂಬ ಊರಿನ ನದಿದಡದಲ್ಲಿ ಇಳಿದೆವು. ಕಿವಿ ಕೊರೆಯುವ ಗಾಳಿ, ಒದ್ದೆ ಎಲೆಗಳ ವಾಸನೆ. ಡಬ್ಬಿಯಲ್ಲಿದ್ದ ಚಿತ್ರಾನ್ನ ತಣ್ಣಗಾಗಿದ್ದರೂ ರುಚಿಯಾಗಿತ್ತು.

ಅಕ್ಕ ಗಾಳಿಗೆದುರಾಗಿ ನಿಂತು ಹೇಳತೊಡಗಿದಳು. ಅದು 1813; ಕೆನಡಾ ಆಗ ಬ್ರಿಟಿಷರದ್ದು, ಅಮೆರಿಕಕ್ಕೂ ಬ್ರಿಟನ್ನಿಗೂ ಯುದ್ಧ. ಇಂಗ್ಲೆಂಡಿನಿಂದ ಸಾಮಾನು ಬರುವುದೇ ಕಷ್ಟ. ಆದರೂ ಇಲ್ಲಿನವರು ಹಡಗು ಕಟ್ಟಿದರು. ಹಾಯಿಬಟ್ಟೆ ಇನ್ನೊಂದು ಹಡಗಿನಿಂದ ತಂದದ್ದು, ಫಿರಂಗಿಗಳು ಕೋಟೆಯಿಂದ ಇಳಿಸಿದವು; ಒಂದೊಂದೂ ಒಂದೊಂದು ಅಳತೆ. ಅವನ್ನು ಸಿಡಿಸುವ ಸಾಧನವೂ ಇರಲಿಲ್ಲ, ನಾವಿಕರು ಪಿಸ್ತೂಲಿನ ಕಿಡಿಯಿಂದಲೇ ಸಿಡಿಸಿದರು. ಮೊದಲೇ ಒಂದು ಕೈ ಕಳೆದುಕೊಂಡಿದ್ದ ಕಪ್ತಾನ ಮತ್ತೆ ಗಾಯಗೊಂಡ ಮೇಲೂ ಹಡಗು ಈರಿ ಸರೋವರದಲ್ಲಿ ಕಾದಾಡುತ್ತಲೇ ಇತ್ತು. ಕೊನೆಗೆ ಸೋತು ಅಮೆರಿಕದವರ ಪಾಲಾಯಿತು. ಅವರು ಮುಳುಗಿಸಿಟ್ಟ ಮೇಲೆ ವರ್ಷಗಟ್ಟಲೆ ನೀರಿನ ತಳದಲ್ಲಿದ್ದು, ಮತ್ತೆ ಮೇಲೆ ಬಂದು ಸರಕು ಹೊತ್ತಿತು. ಅದು ಮುದಿಯಾದಾಗ ಜನ ಬರೀ ಮೋಜಿಗೆಂದು ಅದನ್ನು ನಯಾಗರಾ ಜಲಪಾತಕ್ಕೆ ತೇಲಿಬಿಟ್ಟರು.

ಅಕ್ಕ ಅಪ್ಪನತ್ತ ತಿರುಗಿದಳು. "ಇದನ್ನ ಹೇಳಕ್ಕಾಗಲ್ಲ ಅಪ್ಪ. ಎಲ್ಲ ನಗ್ತಾರೆ."

"ಬಿತ್ತಾ ಅದು?" ಎಂದು ಕೇಳಿದೆ ನಾನು.

"ಇಲ್ಲ ಕಣೋ. ಮೇಲೇನೇ ಬಂಡೆಗೆ ಸಿಕ್ಕೊಂಡು ನಿಂತ್ಬಿಡ್ತು. ಆಮೇಲೆ ಅಲ್ಲೇ ಒಡೆದೋಯ್ತು."

ಅಪ್ಪ ಖಾಲಿ ಡಬ್ಬಿಯ ಮುಚ್ಚಳ ಹಾಕಿದರು. "ನಾನಾಗಿದ್ರೆ ಇದನ್ನೇ ಹೇಳ್ತಿದ್ದೆ," ಎಂದರು.

ಸೋಮವಾರ ಅಕ್ಕ ಅದನ್ನೇ ಹೇಳಿದಳು. ಯಾರೂ ನಗಲಿಲ್ಲವಂತೆ. ಹಿಂದೆ ನಕ್ಕಿದ್ದ ಹುಡುಗಿಯೊಬ್ಬಳು, ಬಂಡೆಗೆ ಸಿಕ್ಕ ಆ ಹಡಗಿನ ಚಿತ್ರ ಬರೆದುಕೊಡು ಎಂದು ಅವಳ ಬೆನ್ನು ಬಿದ್ದಳಂತೆ.

ಮಕ್ಕಳೇ, ಫಾರ್ಮಿಂಗ್ಟನ್ ಹಿಲ್ಸ್‌ನ ನಿಮ್ಮ ಮನೆಯ ಸೋಫಾದಲ್ಲಿ ಕೂತು ಕೇಳಿದರೆ ಸಾಕು, ಎಂಥ ಹಡಗೂ ಫೋನಿನಲ್ಲಿ ಬಂದು ನಿಲ್ಲುತ್ತದೆ. ನನಗಾದರೋ ಅದು ಕಂಡದ್ದು ಅಕ್ಕನ ಮಾತಿನಲ್ಲಿ. ಆಗ ಕೆನಡಾಕ್ಕೆ ಹೋಗುವ ಸೇತುವೆಯ ಮೇಲೆ ಗಡಿ ಅಧಿಕಾರಿಗಳು ಒಂದೆರಡು ಪ್ರಶ್ನೆ ಕೇಳಿ ಬಿಡುತ್ತಿದ್ದರು. ಈಗ ಪಾಸ್‌ಪೋರ್ಟ್ ತೋರಿಸಬೇಕು. ನಿನ್ನೆ ಈ ಕಥೆಯನ್ನು ಬಾಯಲ್ಲಿ ಹೇಳಿ ಮುಗಿಸಿದಾಗ ನಿಮ್ಮಲ್ಲಿ ಚಿಕ್ಕವಳು, "ತಾತಾ, ಕ್ಯಾನ್ ವಿ ಗೋ ದೇರ್?" ಎಂದಳಲ್ಲ. ಪಾಸ್‌ಪೋರ್ಟ್ ಹುಡುಕಿಟ್ಟುಕೊಳ್ಳಿ. ಬರುವ ವಾರ ನಾನೇ ಡ್ರೈವ್ ಮಾಡುತ್ತೇನೆ.