ಗಂಗವ್ವನ ಪಾಲಿನ ಮೀನು

ಜರ್ಮನಿಯ ಸಿಂಡೆಲ್‌ಫಿಂಗೆನ್ ಊರಿನ ಕನ್ನಡದವರು ದುಂಡಪ್ಪನಿಗೆ ಒಂದು ಅಡ್ಡಹೆಸರು ಇಟ್ಟಿದ್ದರು, ಚೀಲ ಕಾಯುವ ದುಂಡಪ್ಪ. ಬೇಸಿಗೆಯಲ್ಲಿ ಹತ್ತು ಮನೆಯವರು ಕೂಡಿ ಹೈಡೆಲ್‌ಬರ್ಗಿಗೆ ಹೋಗಿ ನೆಕ್ಕರ್ ನದಿಯಲ್ಲಿ ದೋಣಿ ಹತ್ತಿದರೆ, ಇವನೊಬ್ಬ ಮಾತ್ರ ದಂಡೆಯ ಬೆಂಚಿನ ಮೇಲೆ ಎಲ್ಲರ ಚೀಲ, ಕೊಡೆ, ಚಪಾತಿ ಡಬ್ಬಿ ಕಾಯುತ್ತ ಕೂರುತ್ತಿದ್ದ. ಕೇಳಿದವರಿಗೆ, "ನನಗ ನೀರು ಆಗಿಬರೂದಿಲ್ಲಪ್ಪಾ, ತಲಿ ತಿರಗತೈತಿ" ಎನ್ನುತ್ತಿದ್ದ. ಎಂಥ ಹಸಿ ಸುಳ್ಳು! ಜಮಖಂಡಿಯ ಕಡೆ ಕೃಷ್ಣೆಯ ದಂಡೆಯ ಅಂಬಿಗರ ಓಣಿಯಲ್ಲಿ ಹುಟ್ಟಿದವನು ಅವನು. ನೆಟ್ಟಗೆ ಓಡಲು ಬರುವ ಮೊದಲೇ ಈಜಲು ಬರುತ್ತಿತ್ತು.

ಓದಿನಲ್ಲಿ ಚುರುಕಾಗಿದ್ದ, ಇಂಜಿನಿಯರ್ ಆದ. 2001ರಲ್ಲಿ, ಕಂಪ್ಯೂಟರ್ ಬಲ್ಲವರಿಗೆ ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದುಕೊಂಡು ಬಂದು, ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವ ಒಂದು ಸಣ್ಣ ಕಂಪನಿ ಸೇರಿದ. ಹೆಂಡತಿ ವಿಜಯಶ್ರೀ, ಏಳು ವರ್ಷದ ಮಗಳು ಕೀರ್ತಿ, ಮೂರನೇ ಮಹಡಿಯ ಬಾಡಿಗೆ ಮನೆ. ಹೊರಗಿನಿಂದ ನೋಡಿದವರಿಗೆ ಸುಖವಾಗಿಯೇ ಇದ್ದ. ಒಳಗೆ ಮಾತ್ರ ಇಪ್ಪತ್ತು ವರ್ಷದಿಂದ ಒಂದು ಅಂಜಿಕೆ ಮನೆ ಮಾಡಿತ್ತು. ಬಚ್ಚಲಲ್ಲಿ ತುಂಬಿದ ಬಕೆಟ್ ಕಂಡರೆ ಸುಮ್ಮನೆ ಚೆಲ್ಲಿಬಿಡುತ್ತಿದ್ದ. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಹೈಟ್ಸುಂಗಿನ ಕೊಳವೆಯೊಳಗೆ ಬಿಸಿನೀರು ಗುಳುಗುಳು ಎಂದರೆ ಎದ್ದು ಕೂರುತ್ತಿದ್ದ. ಆ ಸದ್ದಿನಲ್ಲಿ ಯಾರೋ "ಅಣ್ಣಾ" ಎಂದಂತೆ ಕೇಳುತ್ತಿತ್ತು. ಕೀರ್ತಿಯ ತರಗತಿಯ ಮಕ್ಕಳೆಲ್ಲ ಈಜು ಕಲಿತು ಕಡಲಕುದುರೆಯ ಬಿಲ್ಲೆಯನ್ನು ಅಂಗಿಗೆ ಹೊಲಿಸಿಕೊಂಡಿದ್ದರು. ಇವಳಿಗೊಬ್ಬಳಿಗೆ ಇರಲಿಲ್ಲ. ಪ್ರತಿ ವರ್ಷವೂ ಅಪ್ಪ ಏನಾದರೊಂದು ನೆವ ಹುಡುಕುತ್ತಿದ್ದ, ಕಿವಿನೋವು, ನೆಗಡಿ, ಮತ್ತೊಂದು.

ಕಾರಣವನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಅವನ ಓಣಿಯಲ್ಲೊಂದು ಕಟ್ಟಳೆಯಿತ್ತು. ಮಳೆಗಾಲ ಕಳೆದು ದೋಣಿ ನೀರಿಗಿಳಿದ ದಿನ ಸಿಕ್ಕುವ ಮೊದಲ ಮೀನು ಗಂಗವ್ವನದು, ಅಂದರೆ ಹೊಳೆತಾಯಿಯದು. ಹುಟ್ಟು ಹಿಡಿದವನೇ ಅದನ್ನು ಎರಡೂ ಕೈಯಲ್ಲಿ ಎತ್ತಿ, "ನಿಂದು ನಿನಗ, ತಾಯಿ" ಎಂದು ನೀರಿಗೆ ಬಿಡಬೇಕು. ದುಂಡಪ್ಪನಿಗೆ ಹದಿನಾಲ್ಕು ತುಂಬಿದ ವರ್ಷ ಅಪ್ಪ ಜ್ವರದಿಂದ ಮಲಗಿದ್ದರಿಂದ ದೋಣಿ ಇವನ ಕೈಗೆ ಬಂತು. ಮೊದಲ ಮೀನು ಬಿತ್ತು ನೋಡಿ, ಮೊಳಕ್ಕಿಂತ ಉದ್ದದ ಬಾಳೆಮೀನು! ಅಂಥದ್ದನ್ನು ಬಿಟ್ಟು ಬಂದೆ ಎಂದರೆ ಗೆಳೆಯರು ನಂಬುತ್ತಾರೆಯೇ? ತೋರಿಸಿ ಮೆರೆಯುವ ಆಸೆಗೆ ಗೋಣಿಚೀಲದಲ್ಲಿ ಸುತ್ತಿ ಮನೆಗೆ ತಂದ. ಅದೇ ಮಧ್ಯಾಹ್ನ ಹತ್ತು ವರ್ಷದ ತಮ್ಮ ಬಾಳಪ್ಪ ದಂಡೆಯಲ್ಲಿ ಆಡುತ್ತಿದ್ದವನು ಸುಳಿಗೆ ಸಿಕ್ಕಿ ಹೋದ.

ಹೊಳೆ ತನ್ನ ಪಾಲನ್ನು ತಾನೇ ತೆಗೆದುಕೊಂಡಿತು ಎಂದು ದುಂಡಪ್ಪ ನಂಬಿದ. ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಕೀರ್ತಿ ಹುಟ್ಟಿದ ಮೇಲಂತೂ ಒಂದೇ ಯೋಚನೆ. ಆ ಸಿಟ್ಟು ತಮ್ಮನೊಬ್ಬನಿಗೇ ಮುಗಿಯಿತೋ, ಇನ್ನೂ ಉಳಿದಿದೆಯೋ? ಉಳಿದಿದ್ದರೆ ನೀರು ಯಾರನ್ನು ಕೇಳುತ್ತದೆ ಎಂದು ಬೇರೆ ಹೇಳಬೇಕೇ?

ಹೀಗಿರುವಾಗ 2004ರ ವಸಂತದಲ್ಲಿ ಎಬರ್‌ಹಾರ್ಡ್ ದುಂಡಪ್ಪನ ಮನೆಗೆ ಊಟಕ್ಕೆ ಬಂದ. ಆಫೀಸಿನ ಹಿರಿಯ, ಪಿಂಚಣಿಗೆ ಎರಡು ವರ್ಷ ಬಾಕಿ. ಇವರಿಗೆ ಮನೆ ಹುಡುಕಿಕೊಟ್ಟವನು, ವೀಸಾ ಕಚೇರಿಗೆ ಜೊತೆಗೆ ಬಂದು ತಾನೇ ಮಾತಾಡಿದವನು. ಎಣ್ಣೆಗಾಯಿಗೆ ಕಣ್ಣಲ್ಲಿ ನೀರು ಬಂದರೂ ಬಿಡದೆ ರೊಟ್ಟಿ ತಿಂದು, ಕೀರ್ತಿಯ ಕಡೆ ತಿರುಗಿ ಬ್ಲ್ಯಾಕ್ ಫಾರೆಸ್ಟ್ ಎನ್ನುವ ಕಪ್ಪುಕಾಡಿನ ಒಳಗಿನ ತನ್ನ ಕೆರೆಯ ಕಥೆ ತೆಗೆದ. ಅವನ ಮೀನುಗಾರರ ಸಂಘ ಅದನ್ನು ಗುತ್ತಿಗೆ ಹಿಡಿದಿತ್ತು. ಕಾರು ಹೋಗದ ಜಾಗ, ಹಗುರ ದೋಣಿ, ಚುಕ್ಕೆ ಮೀನು. ಬರ್ತೀಯಾ ಎಂದ. ಹುಡುಗಿ ಕುರ್ಚಿಯ ಮೇಲೆಯೇ ಕುಣಿದಳು. "ಯಾ! ಯಾ! ಬಿಟ್ಟೆ, ಪಪ್ಪಾ!" ಎಂದು, ಹೂಂ ಅನ್ನು, ದಯವಿಟ್ಟು ಎಂದು, ಅಪ್ಪನ ತೋಳು ಹಿಡಿದು ಜರ್ಮನ್ನಿನಲ್ಲಿ ಗೋಗರೆದಳು.

ಅವನು ಹೋದ ಮೇಲೆ ದುಂಡಪ್ಪ ತಕರಾರು ತೆಗೆದ. "ಅಲ್ಲಿ ನೀರೈತಿ."

"ಕೆರಿ ಅಂದಮ್ಯಾಲೆ ನೀರ ಇರತೈತ್ರಿ, ಮತ್ತೇನ್ ಹಾಲ ಇರತೈತೇನು?" ಎಂದಳು ವಿಜಯಶ್ರೀ. "ಎಷ್ಟ ದಿನ ಅಂತ ಕೂಸಿನ್ನ ಬಗಲಾಗ ಕಟ್ಕೊಂಡು ಕುಂದರ್ತೀರಿ? ನೀವು ಒಲ್ಲೆ ಅಂದ್ರ ಬಿಡ್ರಿ, ಎಬರ್‌ಹಾರ್ಡ್ ಜೋಡಿ ಆಕಿ ಒಬ್ಬಾಕಿನ ಹೋಗ್ತಾಳ."

ಒಬ್ಬಳೇ! ತಾನಿಲ್ಲದೆ ಹೋಗುವುದಕ್ಕಿಂತ ತಾನಿದ್ದೇ ಹೋಗಲಿ ಎಂದು ಒಪ್ಪಿದ.

ಮೇ ತಿಂಗಳ ಎರಡನೇ ಶನಿವಾರ ಮಧ್ಯಾಹ್ನ ಮುರ್ಗ್ ಕಣಿವೆಯ ಮೇಲಿನ ಕಾಡಿನಲ್ಲಿ ಡಾಂಬರು ಮುಗಿದಲ್ಲಿ ಕಾರು ನಿಲ್ಲಿಸಿದರು. ಗಂಡಸರಿಬ್ಬರೂ ದೋಣಿಯನ್ನು ಬೋರಲು ಹಾಕಿ ಹೆಗಲಿಗೇರಿಸಿಕೊಂಡರು. ಮುಕ್ಕಾಲು ಗಂಟೆಯ ನಡಿಗೆ. ಸ್ಪ್ರೂಸ್ ಮರಗಳ ನೆರಳಲ್ಲಿ ಅಲ್ಲಲ್ಲಿ ಕೊಳಕು ಹಿಮ ಇನ್ನೂ ಕರಗದೆ ಬಿದ್ದಿತ್ತು. ಕೀರ್ತಿ ಮೀನೆತ್ತುವ ಕೈಬಲೆಯನ್ನು ಬಾವುಟದಂತೆ ಹಿಡಿದು ಮುಂದೆ ಮುಂದೆ ಓಡುತ್ತಿದ್ದಳು. ಕೆರೆ ಬಂತು. ಗಾಳಿಯಿಲ್ಲ, ಹಕ್ಕಿಯ ಸದ್ದಿಲ್ಲ. ನೀರು ಕಡು ಡಿಕಾಕ್ಷನ್ನಿನ ಬಣ್ಣದ್ದು, ಒಂದು ಗೇಣು ಒಳಗೆ ಇಟ್ಟ ಕೈ ಕಾಣುವುದಿಲ್ಲ.

ಎಬರ್‌ಹಾರ್ಡ್ ಎಲ್ಲರಿಗೂ ಕಿತ್ತಳೆ ಬಣ್ಣದ ಈಜುಕವಚ ತೊಡಿಸಿ, ಪಟ್ಟಿ ಎಳೆದು ನೋಡಿ, ತಾನು ಗಾಳ ಹಿಡಿದು ಮುಂದೆ ಕೂತ. ಕೀರ್ತಿ ನಡುವೆ. ಹಿಂದಿನ ಜಾಗ, ಹುಟ್ಟಿನ ಜಾಗ, ದುಂಡಪ್ಪನಿಗೆ ಉಳಿಯಿತು. ಹಿಡಿಯಲೇಬೇಕಾಯಿತು, ಹಿಡಿದ. ಇಪ್ಪತ್ತು ವರ್ಷವಾದರೂ ಕೈ ಮರೆತಿರಲಿಲ್ಲ. ನಾಲ್ಕೇ ಹೊಡೆತಕ್ಕೆ ದೋಣಿ ಸದ್ದಿಲ್ಲದೆ ನಡುಕೆರೆಗೆ ಜಾರಿತು. ಎಬರ್‌ಹಾರ್ಡ್ ಹಿಂದಿರುಗಿ ಕಣ್ಣರಳಿಸಿದ.

"ಎಲ್ಲಿ ಕಲಿತೆ ಇದನ್ನು?"

"ಎಲ್ಲೂ ಇಲ್ಲ" ಎಂದ ದುಂಡಪ್ಪ. ಹುಟ್ಟು ನೀರಿನಿಂದ ಎದ್ದಾಗಲೆಲ್ಲ ಅದರ ಅಂಚಿನಿಂದ ಹನಿ ಬೀಳುತ್ತಿತ್ತು, ಆ ಹನಿಯ ಸದ್ದಿನೊಳಗೆ ಅಣ್ಣಾ, ಅಣ್ಣಾ. ತಲೆ ಕೊಡವಿಕೊಂಡ, ಹೋಗಲಿಲ್ಲ. ಮಗಳ ಜಡೆಯನ್ನೇ ನೋಡುತ್ತ ಹುಟ್ಟು ಹಾಕಿದ.

ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ದಾರ ಬಿಗಿಯಿತು, ಗಾಳದ ಕೋಲು ಬಾಗಿತು, ಕೀರ್ತಿ ಎರಡೂ ಕೈಯಲ್ಲಿ ಕೈಬಲೆ ಒಡ್ಡಿ ಮೀನನ್ನು ಎತ್ತಿಯೇಬಿಟ್ಟಳು. ಅಬ್ಬಾ, ಎಂಥ ಚೆಲುವು ಅದರದು! ಮೈಮೇಲೆ ಕೆಂಪು ಚುಕ್ಕೆ, ಪ್ರತಿ ಚುಕ್ಕೆಗೂ ನೀಲಿ ಬಳೆ, ರೆಕ್ಕೆಯ ಅಂಚಿಗೆ ಸುಣ್ಣ ಎಳೆದ ಹಾಗೆ ಬಿಳಿ ಗೆರೆ.

"ಮೈನ್ ಫಿಶ್!" ಎಂದು ಕಿರುಚಿದಳು ಹುಡುಗಿ, ನನ್ನ ಮೀನು, ನನ್ನ ಮೀನು ಎಂದು.

"ಬಾಖ್‌ಝೈಬ್ಲಿಂಗ್" ಎಂದು ಮೀನಿನ ಹೆಸರು ಹೇಳಿದ ಎಬರ್‌ಹಾರ್ಡ್. "ಇದರ ಅಜ್ಜ ಮುತ್ತಜ್ಜಂದಿರನ್ನು ಅಮೆರಿಕದಿಂದ ತಂದು ಬಿಟ್ಟರು. ಈಗ ಇದೇ ಊರಿನದು ಆಗಿಹೋಗಿದೆ." ಅಳತೆಪಟ್ಟಿ ಹಿಡಿದು ನೋಡಿ, ತಲೆದೂಗಿ, ಜೇಬಿನಿಂದ ಒಂದು ಮರದ ಕೊಡತಿ ತೆಗೆದ. ತಲೆಗೆ ಒಂದು ಏಟು ಹಾಕಿದರೆ ಮುಗಿಯಿತು, ಅವರ ಪದ್ಧತಿ ಅದು.

ಮೊದಲ ಮೀನು. ಹುಟ್ಟು ಯಾರ ಕೈಯಲ್ಲಿದೆ? ದುಂಡಪ್ಪನ ಕೈಯಲ್ಲಿ. ಬಿಡಬೇಕಾದವನು ಯಾರು?

"ಬಿಡ್ರಿ ಅದನ್ನ! ಬಿಡ್ರಿ!" ಎಂದು ಕನ್ನಡದಲ್ಲಿಯೇ ಕೂಗಿ, ಆಮೇಲೆ ತಡವರಿಸುತ್ತ ಜರ್ಮನ್ನಿನಲ್ಲಿ ಹೇಳಿದ, ಮೊದಲ ಮೀನು ವಾಪಸ್ಸು ಹೋಗಬೇಕು ಎಂದು.

"ಅಳತೆಗೆ ಬಂದದ್ದನ್ನು ಬಿಡುವ ಹಾಗಿಲ್ಲ. ಹಿಡಿದು ಆಡಿಸಿ ಬಿಡುವುದಕ್ಕೆ ಅದೇನು ಆಟದ ಸಾಮಾನೇ? ಇಲ್ಲಿಯ ನಿಯಮ ಹಾಗೆ" ಎಂದ ಎಬರ್‌ಹಾರ್ಡ್, ಶಾಂತವಾಗಿಯೇ.

ಹೇಳಿ ತಿಳಿಸುವಷ್ಟು ತಾಳ್ಮೆ ದುಂಡಪ್ಪನಿಗೆ ಇರಲಿಲ್ಲ. ಹುಟ್ಟು ಬಿಸಾಡಿ, ಎದ್ದು, ಮಗಳ ಕೈಯಲ್ಲಿದ್ದ ಕೈಬಲೆಗೆ ಕೈ ಹಾಕಿದ. ಅಂಬಿಗರ ಮಗ ತುಂಬಿದ ದೋಣಿಯಲ್ಲಿ ಎದ್ದು ನಿಲ್ಲುವುದೆಂದರೆ! ಅವಳು "ನೈನ್, ಪಪ್ಪಾ!" ಎಂದು ಕೈಬಲೆಯನ್ನು ಎದೆಗವಚಿಕೊಂಡಳು. ಅವನು ಜಗ್ಗಿದ, ಅವಳು ಬಿಡಲಿಲ್ಲ. ದೋಣಿ ಒಂದು ಮಗ್ಗುಲಿಗೆ ವಾಲಿತು. ಮೀನು, ಬಲೆ, ಕೀರ್ತಿ, ಮೂರೂ ನೀರಿಗೆ.

ಕಪ್ಪು ನೀರು ಮುಚ್ಚಿಕೊಂಡಿತು. ಒಂದು ಗಳಿಗೆ ಅಲ್ಲಿ ಏನೂ ಇರಲಿಲ್ಲ. "ಅಣ್ಣಾ" ಎಂಬ ಕೂಗು ಈಗ ಹನಿಯೊಳಗಿನಿಂದಲ್ಲ, ಕಿವಿಯ ಪಕ್ಕದಲ್ಲೇ ಕೇಳಿಸಿತು. ದುಂಡಪ್ಪ ಹಾರಿಕೊಂಡ. ನೀರಿನ ಚಳಿಗೆ ಉಸಿರು ಕಟ್ಟಿತು, ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ ಕತ್ತಲೆ. ಹುಡುಕುತ್ತ ಕೈ ಬೀಸಿದ, ಬರೀ ನೀರು. ಇಷ್ಟೇ, ಮುಗಿಯಿತು ಎಂದುಕೊಂಡು ತಲೆ ಎತ್ತಿದರೆ, ಮಾರು ದೂರದಲ್ಲಿ ಕಿತ್ತಳೆ ಕವಚದೊಳಗೆ ತೇಲುತ್ತ ಕೆಮ್ಮುತ್ತಿದ್ದಾಳೆ ಹುಡುಗಿ! ಅವಳನ್ನು ಹೇಗೆ ಹಿಡಿದನೋ, ದಂಡೆಗೆ ಹೇಗೆ ತಂದನೋ, ಅವನಿಗೇ ಗೊತ್ತಿಲ್ಲ.

ಎಬರ್‌ಹಾರ್ಡ್ ದೋಣಿ ಹೊಡೆದುಕೊಂಡು ಬಂದು ತನ್ನ ಒಣ ಸ್ವೆಟರ್ ಬಿಚ್ಚಿ ಅವಳಿಗೆ ಸುತ್ತಿದ. ದುಂಡಪ್ಪ ಅವಳ ಪಾದ ತಿಕ್ಕುತ್ತ, "ಏನೂ ಆಗಿಲ್ಲವ್ವ, ಏನೂ ಆಗಿಲ್ಲ, ನೀರು ನಿನ್ನ ಬಿಡ್ತು" ಎಂದು ಅದನ್ನೇ ಹತ್ತು ಸಲ ಹೇಳಿದ. ಕೀರ್ತಿ ಕಾಲು ಎಳೆದುಕೊಂಡಳು. ಹಲ್ಲು ಕಟಕಟ ಎನ್ನುತ್ತಿದ್ದರೂ ಸ್ಪಷ್ಟವಾಗಿಯೇ ಜರ್ಮನ್ನಿನಲ್ಲಿ ಹೇಳಿದಳು. "ನೀರಲ್ಲ. ನನ್ನನ್ನು ಕೆಡವಿದ್ದು ನೀನು, ಪಪ್ಪಾ."

ದಾರಿಯುದ್ದಕ್ಕೂ ಅವಳು ಮುಂದೆ ಎಬರ್‌ಹಾರ್ಡನ ಕೈ ಹಿಡಿದೇ ನಡೆದಳು. ಅವನೂ ಬೈಯಲಿಲ್ಲ, ಏನೂ ಕೇಳಲಿಲ್ಲ. ಬೈದಿದ್ದರೆ ದುಂಡಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು.

ಮನೆ ಮುಟ್ಟಿದಾಗ ಸಂಜೆ ಐದು. ವಿಜಯಶ್ರೀ ಮಗಳ ತಲೆ ಮುಟ್ಟಿ ನೋಡಿ, ಗಂಡನ ಮುಖ ನೋಡಿ, ಅವಳನ್ನು ಬಚ್ಚಲಿಗೆ ಕರೆದೊಯ್ದಳು. ದುಂಡಪ್ಪ ಒದ್ದೆ ಪ್ಯಾಂಟಿನಲ್ಲೇ ಫೋನಿನ ಮುಂದೆ ಕೂತು, ಕಾಲಿಂಗ್ ಕಾರ್ಡಿನ ಉದ್ದ ಸಂಖ್ಯೆಯನ್ನು ಎರಡು ಸಲ ತಪ್ಪಿ ಮೂರನೇ ಸಲ ಸರಿ ಒತ್ತಿದ. ಅವ್ವ ಗುರವ್ವ ಜಮಖಂಡಿಯಲ್ಲಿ ದುಂಡಪ್ಪನ ಅಕ್ಕನ ಮನೆಯಲ್ಲಿದ್ದಳು. ಊಟಕ್ಕೆ ಕೂತವಳನ್ನು ಎಬ್ಬಿಸಿ ಕರೆತಂದರು.

"ಅವ್ವಾ, ಆವತ್ತಿನ ಮೊದಲ ಮೀನು ನಾ ಬಿಟ್ಟಿದ್ದಿಲ್ಲ. ಮುಚ್ಚಿ ಮನಿಗೆ ತಂದಿದ್ದೆ."

"ಗೊತ್ತೈತಿ" ಎಂದಳು ಗುರವ್ವ.

"ಗೊತ್ತೈತಿ ಅಂದ್ರ?"

"ನಿನ್ನ ಅಂಗಿ ಒಗದಾಕಿ ಯಾರೋ ಮತ್ತ? ಅಂಗಿ ತುಂಬ ಮೀನಿನ ಲೋಳಿ. ಗೋಣಿಚೀಲ ಬಿಚ್ಚಿದಾಕಿನೂ ನಾನ. ನಿಮ್ಮಪ್ಪಗೂ ಗೊತ್ತಿತ್ತು."

"ಅದಕ್ಕ ಹೊಳಿ ಸಿಟ್ಟಾಗಿ ಅವನ್ನ..."

"ಹುಚ್ಚಪ್ಪ ಅದಿ ನೀ!" ಮುದುಕಿಯ ದನಿ ಏರಿತು. "ಬರದ ವರ್ಷ ನಿಮ್ಮಪ್ಪ ಎಷ್ಟ ಸಲ ಮೊದಲ ಮೀನ ಮನಿಗೆ ತಂದಾನ, ನಿನಗೇನ ಗೊತ್ತು? ಓಣಿಗೆ ಓಣೀನ ತಿಂದೈತಿ. ಮೀನಿಗೊಂದು ಕೂಸಿನಂಗ ಗಂಗವ್ವ ಒಯ್ದಿದ್ರ ನಮ್ಮ ಓಣ್ಯಾಗ ಯಾವ ಕೂಸು ಉಳೀತಿತ್ತು? ಅಂವ ಸುಳಿ ಇದ್ದಲ್ಲಿ ಇಳದ, ಹೋದ. ಅಷ್ಟ."

ದುಂಡಪ್ಪನಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಇಪ್ಪತ್ತು ವರ್ಷ! "ಮತ್ತ ನನಗ್ಯಾಕ ಹೇಳಲಿಲ್ಲ?"

"ನೀ ಕೇಳಿದ್ಯೇನು? ಮಣ್ಣು ಮಾಡಿ ಬಂದ ದಿನದಿಂದ ಒಂದ ಸಲ ಅವನ ಹೆಸರ ತಗದಿಯೇನು? ಹಬ್ಬದಾಗ ಅವನ ಪಾಲಿಂದು ಎಡಿ ಇಟ್ಟರ ಎದ್ದು ಹೊರಗ ಹೋಗತಿದ್ದಿ. ಇವಂಗ ತಮ್ಮ ಮರತು ಹೋಗ್ಯಾನ ಅಂತ ತಿಳಕೊಂಡೆ ನಾ." ಗುರವ್ವನ ದನಿ ಒಡೆಯಿತು. "ನಾ ಒಬ್ಬಾಕಿನ ಅತ್ತೀನೋ, ಇಷ್ಟ ವರ್ಷ. ಜೋಡಿ ಅಳಾಕ ನೀ ಬರ್ತಿ, ನೀ ಬರ್ತಿ ಅಂತ ನೋಡಿ ನೋಡಿ."

ದುಂಡಪ್ಪ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಚ್ಚಲಲ್ಲಿ ನಲ್ಲಿ ನಿಂತಿತ್ತು. ಮನೆಯಲ್ಲಿ ಎಲ್ಲಿಯೂ ನೀರಿನ ಸದ್ದಿರಲಿಲ್ಲ.

"ಬಾಳ್ಯಾ" ಎಂದ.

"ಹ್ಞೂಂ" ಎಂದಳು ಗುರವ್ವ. "ಇನ್ನೊಮ್ಮೆ ಅನ್ನಪಾ."